ರೇಸಿಗಿಳಿದ ಹಳೆಯ ಯುದ್ಧವಿಮಾನಗಳು

ಎರಡನೇ ಮಹಾಯುದ್ಧದ ಕಾಲದ ಫೈಟರ್ ವಿಮಾನಗಳನ್ನು ಮಾರ್ಪಡಿಸಿ ಹಾರಿಸುವ ರೇಸುಗಳು 1964ರಿಂದ 2023ರವರೆಗೆ ಅಮೆರಿಕದ ರೀನೊದಲ್ಲಿ ನಡೆದವು. ಮಸ್ಟ್ಯಾಂಗ್, ಬೇರ್‌ಕ್ಯಾಟ್, ಸೀ ಫ್ಯೂರಿ ಮುಖ್ಯ ಸ್ಪರ್ಧಿಗಳು. 1947–48ರ ಕಾಶ್ಮೀರ ಯುದ್ಧದಲ್ಲಿ ಭಾರತೀಯ ವಾಯುಪಡೆ ಬಳಸಿದ ಟೆಂಪೆಸ್ಟ್ ವಿಮಾನದ ವಿನ್ಯಾಸದಿಂದಲೇ ಸೀ ಫ್ಯೂರಿ ಬೆಳೆದದ್ದು.

ಗಾಳಿಯ ತಡೆ ತಗ್ಗಿಸಲು ರೆಕ್ಕೆಗಳ ತುದಿ ಕತ್ತರಿಸುತ್ತಾರೆ. ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು ಕುಗ್ಗಿಸುತ್ತಾರೆ. ಇಂಧನ ಅಕಾಲದಲ್ಲಿ ಸಿಡಿಯದಂತೆ ಎಂಜಿನ್ನಿಗೆ ನೀರು-ಮೆಥನಾಲ್ ಮಿಶ್ರಣ ಊಡಿಸುತ್ತಾರೆ. ರೇಡಿಯೇಟರಿನ ಮೇಲೆ ನೀರು ಚಿಮುಕಿಸಿ ಬಿಸಿ ಇಳಿಸುತ್ತಾರೆ. ಹೀಗೆ ಸಜ್ಜಾದ ‘ವೂಡೂ’ ಎಂಬ ಮಸ್ಟ್ಯಾಂಗನ್ನು ಸ್ಟೀವ್ ಹಿಂಟನ್ ಜೂನಿಯರ್ 2017ರಲ್ಲಿ ಗಂಟೆಗೆ 855 ಕಿ.ಮೀ. ವೇಗದಲ್ಲಿ ಹಾರಿಸಿದರು.

ಈ ವೇಗದಲ್ಲಿ ಸಣ್ಣ ಸಡಿಲಿಕೆಯೂ ಪ್ರಾಣಾಂತಿಕ. 2011ರಲ್ಲಿ ‘ಗ್ಯಾಲಪಿಂಗ್ ಗೋಸ್ಟ್’ ವಿಮಾನದ ಬಾಲದಲ್ಲಿ ಸಮತೋಲ ಕಾಯುವ ಚಿಕ್ಕ ಪಟ್ಟಿಯಾದ ಟ್ರಿಮ್ ಟ್ಯಾಬ್‌ನ ಸ್ಕ್ರೂಗಳು ಸಡಿಲಗೊಂಡು, ವಿಮಾನ ನೆಲಕ್ಕಪ್ಪಳಿಸಿ ಪೈಲಟ್ ಸೇರಿ 11 ಮಂದಿ ಮೃತಪಟ್ಟರು.