ಎಂಜಿನ್ ಬದಲಾಯಿತು, ಗಣಕ ಒಪ್ಪಬೇಕಲ್ಲ!

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಆಂಧ್ರದ ಗಡಿಗೆ ಹತ್ತಿರವಿರುವ ಹೋಬಳಿ ಕೇಂದ್ರ. ಸುತ್ತಮುತ್ತ ಶೇಂಗಾ ಹೊಲಗಳು. ಮಳೆ ಕಡಿಮೆ, ಬಿಸಿಲು ಧಾರಾಳ. ಇಂಥ ಊರುಗಳಲ್ಲಿ ಬಾಡಿಗೆ ಕಾರೆಂದರೆ ಬರೀ ವಾಹನವಲ್ಲ. ಒಂದು ಸಂಸಾರದ ಅನ್ನ, ತಿಂಗಳು ತಿಂಗಳು ಕಟ್ಟಬೇಕಾದ ಸಾಲದ ಕಂತು. ಮದುವೆ ದಿಬ್ಬಣಕ್ಕೂ ಅದೇ, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಓಡುವುದಕ್ಕೂ ಅದೇ.

ಅಂಥದೊಂದು ಡೀಸೆಲ್ ಕಾರು ಇದೆ ಎನ್ನಿ. ಏಪ್ರಿಲ್ ತಿಂಗಳ ಮಧ್ಯಾಹ್ನ ರೇಡಿಯೇಟರಿನ ರಬ್ಬರ್ ಕೊಳವೆ ಒಡೆದು ನೀರೆಲ್ಲ ಸೋರಿಹೋಯಿತು. ಗಮನಿಸದೆ ಓಡಿಸಿದ್ದರಿಂದ ಎಂಜಿನ್ ಕಾದು ಕಚ್ಚಿಕೊಂಡಿತು. ಹೊಸ ಎಂಜಿನ್ ಕೊಳ್ಳುವಷ್ಟು ಹಣವಿಲ್ಲ. ಅಪಘಾತದಲ್ಲಿ ಜಖಂಗೊಂಡ ಇನ್ನೊಂದು ಕಾರಿನ ಎಂಜಿನ್, ಜೊತೆಗೆ ಅದರ ಗಣಕ, ಬೆಂಗಳೂರಿನ ಶಿವಾಜಿನಗರದ ಹಳೆ ಬಿಡಿಭಾಗಗಳ ಅಂಗಡಿಯಲ್ಲಿ ಸಿಕ್ಕವು. ಮೇಸ್ತ್ರಿ ಎರಡು ದಿನದಲ್ಲಿ ಎಲ್ಲವನ್ನೂ ಕೂರಿಸಿದರು. ಬೋಲ್ಟುಗಳು ಸರಿಯಾಗಿ ಕೂತವು, ಆಯಿಲ್ ತುಂಬಿಸಿದ್ದಾಯಿತು. ಆದರೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಒಂದು ಕ್ಷಣ ಹೊತ್ತಿಕೊಂಡು ಆರಿಹೋಗುತ್ತದೆ. ಮೀಟರ್ ಫಲಕದಲ್ಲಿ ಪುಟ್ಟ ದೀಪವೊಂದು ಮಿಣುಕುತ್ತದೆ. ಕಬ್ಬಿಣದ ಕೆಲಸವೆಲ್ಲ ಮುಗಿದಿರುವಾಗ ತಡೆಯುತ್ತಿರುವವರು ಯಾರು?

ಉತ್ತರ ಎಂಜಿನ್ನಿನಲ್ಲಿಲ್ಲ. ಅದು ಇರುವುದು ತಂತಿಗಳಲ್ಲಿ ಮತ್ತು ತಂತಿಗಳಾಚೆಯ ಒಂದು ಪುಟ್ಟ ಲೋಹದ ಪೆಟ್ಟಿಗೆಯಲ್ಲಿ.

ಅಂದಿನ ಕಸಿ ಸುಲಭ

ಎಂಜಿನ್ ಬದಲಿಸುವುದು ನಮ್ಮಲ್ಲಿ ಹೊಸ ವಿದ್ಯೆಯೇನಲ್ಲ. ಪೆಟ್ರೋಲಿಗಿಂತ ಡೀಸೆಲ್ ಬಹಳ ಅಗ್ಗವಾಗಿದ್ದ ದಿನಗಳಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುತ್ತಿದ್ದ ಗ್ಯಾರೇಜುಗಳಿದ್ದವು. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯೇ 1990ರ ದಶಕದ ಆರಂಭದಲ್ಲಿ ಅದೇ ಹಳೆಯ ಒಡಲಿಗೆ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಕಸಿ ಮಾಡಿ ಮಾರಿತು.

ಆಗ ಮೇಸ್ತ್ರಿಗೆ ಇದ್ದ ಚಿಂತೆಗಳೆಲ್ಲ ಕಬ್ಬಿಣದವು. ಎಂಜಿನ್ ಕೂರುವ ಪಟ್ಟಿ ಎಲ್ಲಿ ಬೆಸೆಯಬೇಕು, ಗೇರ್‌ಬಾಕ್ಸಿಗೆ ಹೇಗೆ ಹೊಂದಿಸಬೇಕು, ಆಕ್ಸಿಲರೇಟರ್ ಕೇಬಲ್ ಉದ್ದ ಸಾಕೇ, ಇಷ್ಟೆ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಂಪನಿಯ (2008ರಿಂದ ಇದರ ಹೆಸರು ಬಾಷ್ ಲಿಮಿಟೆಡ್) ಡೀಸೆಲ್ ಪಂಪು ಪೂರ್ಣ ಯಾಂತ್ರಿಕವಾಗಿತ್ತು. ಎಷ್ಟು ಡೀಸೆಲ್ ಕೊಡಬೇಕೆಂದು ಸ್ಪ್ರಿಂಗುಗಳು ಮತ್ತು ತಿರುಗುವ ತೂಕಗಳು ತೀರ್ಮಾನಿಸುತ್ತಿದ್ದವು. ಎಂಜಿನ್ನಿಗೆ ಹೋಗುವ ತಂತಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಎಂಜಿನ್ನಿಗೆ ಮಿದುಳು ಬಂತು

ಹೊಗೆಯ ಮೇಲೆ ಸರಕಾರದ ಹಿಡಿತ ಬಿಗಿಯಾದಂತೆ ಈ ಸರಳತೆ ಮರೆಯಾಯಿತು. 2000ದಲ್ಲಿ ದೇಶದಾದ್ಯಂತ ಯೂರೋ-1ಕ್ಕೆ ಸಮನಾದ ನಿಯಮ ಬಂತು. 2017ರ ಏಪ್ರಿಲ್‌ನಲ್ಲಿ ಬಿಎಸ್-4 ಇಡೀ ದೇಶಕ್ಕೆ ಅನ್ವಯವಾಯಿತು. 2020ರ ಏಪ್ರಿಲ್‌ನಿಂದ ನೇರವಾಗಿ ಬಿಎಸ್-6. ಇಂಧನವನ್ನು ಮಿಲಿಗ್ರಾಂ ಲೆಕ್ಕದಲ್ಲಿ, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ನಿಖರವಾದ ಹೊತ್ತಿಗೆ ಚಿಮ್ಮಿಸುವುದು ಸ್ಪ್ರಿಂಗುಗಳಿಂದಾಗುವ ಕೆಲಸವಲ್ಲ. ಹೀಗೆ ಬಂದದ್ದೇ ಎಂಜಿನ್ ನಿಯಂತ್ರಕ ಗಣಕ, ಅಂದರೆ ಇಸಿಯು. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇದು 'ಇಸಿಎಂ'.

ಗಣಕಕ್ಕೆ ಕಣ್ಣು, ಕಿವಿ ಬೇಕು. ಅವೇ ಸಂವೇದಕಗಳು, ಅಂದರೆ ಸೆನ್ಸರುಗಳು. ಕ್ರ್ಯಾಂಕ್ ದಂಡದ ಸೆನ್ಸರನ್ನು ನೋಡಿ. ಅನೇಕ ಎಂಜಿನ್‌ಗಳಲ್ಲಿ ಆ ದಂಡಕ್ಕೆ 60 ಹಲ್ಲುಗಳ ಜಾಗವಿರುವ ಚಕ್ರವಿರುತ್ತದೆ. ಬೇಕೆಂದೇ ಎರಡು ಹಲ್ಲು ಬಿಟ್ಟಿರುತ್ತಾರೆ. ಪ್ರತಿ ಹಲ್ಲು ಹಾದುಹೋದಾಗ ಒಂದು ವಿದ್ಯುತ್ ಮಿಡಿತ. ಹಲ್ಲಿಲ್ಲದ ಜಾಗ ಬಂದಾಗ ಗಣಕಕ್ಕೆ ಪಿಸ್ಟನ್ ಎಲ್ಲಿದೆ ಎಂಬುದು ತಿಳಿಯುತ್ತದೆ. ಬೇರೆ ಕೆಲವು ಎಂಜಿನ್‌ಗಳಲ್ಲಿ 36 ಹಲ್ಲುಗಳ ಜಾಗ, ಬಿಟ್ಟದ್ದು ಒಂದು. 60ರ ಲೆಕ್ಕ ಕಲಿತ ಗಣಕಕ್ಕೆ 36ರ ಚಕ್ರ ಕೊಟ್ಟರೆ ಅದು ಇಂಧನವನ್ನು ಕೊಡುವುದೇ ಇಲ್ಲ.

ನೀರಿನ ಬಿಸಿ ಹೇಳುವ ಸೆನ್ಸರ್ ಇನ್ನೂ ಅಪಾಯಕಾರಿ, ಏಕೆಂದರೆ ಅದು ತಪ್ಪಿದರೂ ಎಂಜಿನ್ ಓಡುತ್ತದೆ. ಅದರೊಳಗಿರುವುದು ಬಿಸಿಯಾದಷ್ಟೂ ರೋಧ ಕಡಿಮೆಯಾಗುವ ಒಂದು ವಸ್ತು. ಸಾಮಾನ್ಯ ಬಗೆಯೊಂದರಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್ ಇದ್ದದ್ದು 80 ಡಿಗ್ರಿಗೆ ಸುಮಾರು 300 ಓಮ್‌ಗೆ ಇಳಿಯುತ್ತದೆ. ಬದಲಿ ಎಂಜಿನ್ನಿನ ಸೆನ್ಸರ್ ಬೇರೆ ಬಗೆಯದಾಗಿದ್ದು, ನೀರು ಕುದಿಯುವಾಗಲೂ ಹೆಚ್ಚು ರೋಧ ತೋರಿಸಿದರೆ ಗಣಕ 'ಎಂಜಿನ್ ಇನ್ನೂ ತಣ್ಣಗಿದೆ' ಎಂದುಕೊಳ್ಳುತ್ತದೆ. ಫ್ಯಾನ್ ತಿರುಗುವುದಿಲ್ಲ. ಚಳ್ಳಕೆರೆ ಸೀಮೆಯ ಬಿಸಿಲಿನಲ್ಲಿ ಸಾಲ ಮಾಡಿ ತಂದ ಎರಡನೆಯ ಎಂಜಿನ್ನೂ ಮೊದಲನೆಯದರ ದಾರಿ ಹಿಡಿಯುತ್ತದೆ. ಹಳೆಯ ಎಂಜಿನ್ನಿನ ಸೆನ್ಸರ್ ಬಿಚ್ಚಿ ಹೊಸದಕ್ಕೆ ಹಾಕಿದ್ದರೆ ಸಾಕಾಗಿತ್ತು.

ಕಬ್ಬಿಣ ಒಂದೇ, ಬುದ್ಧಿ ಬೇರೆ

ಇದಕ್ಕೆ ನಮ್ಮ ರಸ್ತೆಗಳಲ್ಲೇ ಒಳ್ಳೆಯ ಉದಾಹರಣೆಯಿದೆ. ಫಿಯೆಟ್ ವಿನ್ಯಾಸದ 1,248 ಸಿ.ಸಿ. ಡೀಸೆಲ್ ಎಂಜಿನ್ 2007ರಲ್ಲಿ ಮಾರುತಿ ಸ್ವಿಫ್ಟ್ ಕಾರಿಗೆ ಬಂತು. ಮುಂದೆ ಅದೇ ಎಂಜಿನ್ ಡಿಸೈರ್, ಎರ್ಟಿಗಾ, ಫಿಯೆಟ್ ಪುಂಟೊ, ಟಾಟಾ ಇಂಡಿಕಾ ವಿಸ್ಟಾ ಹೀಗೆ ಹತ್ತಾರು ಕಾರುಗಳಲ್ಲಿ ಕೂತಿತು. ವಾಹನಪ್ರಿಯರು ಅದನ್ನು 'ರಾಷ್ಟ್ರೀಯ ಎಂಜಿನ್' ಎಂದು ತಮಾಷೆ ಮಾಡಿದ್ದೂ ಉಂಟು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಆದರೆ ಹಳೆಯ ಕಾರುಗಳು ಓಡುತ್ತಲೇ ಇವೆ.

'ಎಂಜಿನ್ ಒಂದೇ ತಾನೆ, ಯಾವುದಾದರೂ ಆದೀತು' ಎಂದು ಹೊರಟರೆ ಮೋಸ ಹೋಗುತ್ತೇವೆ. ಡಿಸೈರ್‌ನಲ್ಲಿ ಅದು ಸುಮಾರು 75 ಅಶ್ವಶಕ್ತಿಯದು. ಎರ್ಟಿಗಾದಲ್ಲಿ ಸುಮಾರು 90. ಎರಡನೆಯದರ ಟರ್ಬೊದೊಳಗೆ ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ರೆಕ್ಕೆಗಳಿವೆ. ಅವನ್ನು ಆಡಿಸುವ ಪಾಠ ಮೊದಲನೆಯದರ ಗಣಕಕ್ಕೆ ಗೊತ್ತೇ ಇಲ್ಲ. ಬೇರೆ ಕಂಪನಿಯ ಕಾರಿನಿಂದ ತಂದರಂತೂ ತಂತಿಗಳ ಜೋಡಣೆ, ತಂತ್ರಾಂಶ ಎರಡೂ ಬೇರೆ. ಇಷ್ಟೇ ಅಲ್ಲ, ಈ ಬಗೆಯ ಬಹಳಷ್ಟು ಡೀಸೆಲ್ ಎಂಜಿನ್‌ಗಳಲ್ಲಿ ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಒಂದು ಸಂಕೇತಾಕ್ಷರ ಮುದ್ರಿತವಾಗಿರುತ್ತದೆ. ತಯಾರಿಕೆಯಲ್ಲಿ ಉಳಿದ ಕೂದಲೆಳೆಯ ವ್ಯತ್ಯಾಸವನ್ನು ಅದು ಹೇಳುತ್ತದೆ. ಇಂಜೆಕ್ಟರ್ ಬದಲಾದರೆ ಸ್ಕ್ಯಾನರ್ ಮೂಲಕ ಆ ಅಕ್ಷರಗಳನ್ನು ಗಣಕಕ್ಕೆ ತಿಳಿಸಬೇಕು. ಇಲ್ಲವಾದರೆ ಎಂಜಿನ್ ನಡುಗುತ್ತದೆ, ಹೊಗೆ ಕಾರುತ್ತದೆ.

ಹೀಗಾಗಿ ಅನುಭವಸ್ಥರ ಸೂತ್ರ ಇದು: ಎಂಜಿನ್ ಅದೇ ಮಾದರಿಯದಾದರೆ ಕಾರಿನ ಹಳೆಯ ಗಣಕ, ಹಳೆಯ ಸೆನ್ಸರುಗಳು, ಹಳೆಯ ವೈರಿಂಗ್ ಉಳಿಸಿಕೊಳ್ಳಿ. ಎಂಜಿನ್ ಬೇರೆಯದಾದರೆ ಅದನ್ನು ಸಂಸಾರ ಸಮೇತ ಕರೆತನ್ನಿ. ಅಂದರೆ ಗಣಕ, ವೈರಿಂಗ್, ಬೀಗದ ಕೈ, ಆಕ್ಸಿಲರೇಟರ್ ಪೆಡಲ್ ಎಲ್ಲವೂ. ಈಗಿನ ಪೆಡಲಿನಲ್ಲಿ ಕೇಬಲ್ ಇಲ್ಲ, ಎರಡು ಸೆನ್ಸರುಗಳಿವೆ. ಇಬ್ಬರು ಸಾಕ್ಷಿಗಳ ಮಾತು ತಾಳೆಯಾಗದಿದ್ದರೆ ಗಣಕ ಎಂಜಿನ್ನಿನ ವೇಗವನ್ನು ಕಟ್ಟಿಹಾಕುತ್ತದೆ.

ಬೀಗದ ಕೈಯ ಗುಟ್ಟು

ಈಗ ಮಿಣುಕುವ ದೀಪದ ಪ್ರಶ್ನೆ. ಬೀಗದ ಕೈಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿನಷ್ಟು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಬೀಗದ ಸುತ್ತ ಇರುವ ತಂತಿ ಸುರುಳಿಯಲ್ಲಿ ವಿದ್ಯುತ್ ಹರಿದಾಗ ವಿದ್ಯುತ್ಕಾಂತೀಯ ಪ್ರೇರಣೆಯಿಂದ ಚಿಪ್ಪಿನಲ್ಲೂ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡ ತತ್ತ್ವವೇ ಇದು. ಎಚ್ಚೆತ್ತ ಚಿಪ್ ತನ್ನ ರಹಸ್ಯ ಸಂಖ್ಯೆ ಹೇಳುತ್ತದೆ. ಗಣಕದಲ್ಲಿರುವ ಸಂಖ್ಯೆಗೆ ತಾಳೆಯಾದರೆ ಮಾತ್ರ ಇಂಧನ. ಬೇರೆ ಕಾರಿನ ಗಣಕಕ್ಕೆ ಈ ಕೈ ಅಪರಿಚಿತ. ಕಳ್ಳ ಬಂದನೆಂದು ಬಾಗಿಲು ಹಾಕುತ್ತದೆ. ತಪ್ಪು ಗಣಕದ್ದಲ್ಲ. ಹಳೆಯ ಗಣಕವನ್ನು ಮರಳಿ ಜೋಡಿಸುವುದು, ಅಥವಾ ದಾಖಲೆ ತೋರಿಸಿ ಅಧಿಕೃತವಾಗಿ ಕೈ ಮತ್ತು ಗಣಕಗಳ ಪರಿಚಯ ಮಾಡಿಸುವುದು ಸರಿಯಾದ ದಾರಿ.

ಕಟ್ಟೆಯ ಮೇಲಿನ ಮಾತುಕತೆ

ಎಂಜಿನ್ ಹೊತ್ತಿಕೊಂಡಿತು ಎನ್ನಿ. ಆದರೂ ಸ್ಟೀರಿಂಗ್ ಕಲ್ಲಿನಂತೆ ಬಿಗಿ, ಏಸಿ ಇಲ್ಲ, ಮೀಟರ್ ಮುಳ್ಳು ಏಳುವುದಿಲ್ಲ. ಕಾರಿನಲ್ಲಿ ಗಣಕ ಒಂದಲ್ಲ, ಹಲವು ಇವೆ: ಬ್ರೇಕಿಗೊಂದು, ಸ್ಟೀರಿಂಗಿಗೊಂದು, ಮೀಟರಿಗೊಂದು. 'ಎಂಜಿನ್ ಓಡುತ್ತಿದೆ' ಎಂಬ ಸುದ್ದಿ ಬಾರದೆ ವಿದ್ಯುತ್ ಸ್ಟೀರಿಂಗ್ ಕೆಲಸಕ್ಕೆ ಇಳಿಯುವುದಿಲ್ಲ.

ಇವೆಲ್ಲ ಮಾತಾಡಿಕೊಳ್ಳುವುದು ಹೆಣೆದ ಎರಡೇ ತಂತಿಗಳ ಮೇಲೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ಈ ವ್ಯವಸ್ಥೆಗೆ 'ಕ್ಯಾನ್' ಎಂದು ಹೆಸರು. ಊರ ಕಟ್ಟೆಯ ಪಂಚಾಯಿತಿಯಂತೆ ಇದು. ಒಬ್ಬರು ಹೇಳಿದ್ದು ಎಲ್ಲರಿಗೂ ಕೇಳುತ್ತದೆ, ಬೇಕಾದವರು ತೆಗೆದುಕೊಳ್ಳುತ್ತಾರೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಕಿರಿಯರು ಸುಮ್ಮನಾಗಿ ಹಿರಿಯರಿಗೆ ಬಿಡುತ್ತಾರೆ. ಪ್ರತಿ ಸುದ್ದಿಗೂ ಒಂದು ಸಂಖ್ಯೆಯಿದ್ದು, ಸಂಖ್ಯೆ ಚಿಕ್ಕದಾದಷ್ಟೂ ಹಿರಿತನ ಹೆಚ್ಚು. ಬದಲಿ ಎಂಜಿನ್ನಿನ ಗಣಕ ಬೇರೆ ಸಂಖ್ಯೆಗಳಲ್ಲಿ ಸುದ್ದಿ ಹೇಳಿದರೆ, ಕಟ್ಟೆಯ ಮೇಲೆ ಅನ್ಯಭಾಷೆಯವರು ಮಾತಾಡಿದಂತಾಗುತ್ತದೆ. ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಆಗ ನಡುವೆ ದುಭಾಷಿಯಾಗಿ ಇನ್ನೊಂದು ಪುಟ್ಟ ಗಣಕ ಬೇಕಾಗುತ್ತದೆ.

ಹತ್ತನೇ ತರಗತಿಯ ಲೆಕ್ಕ

ಬಾವಿಯೊಳಗೆ ಕೂಗಿದರೆ ಪ್ರತಿಧ್ವನಿ ಬರುವಂತೆ, ತಂತಿಯ ತುದಿ ತಲುಪಿದ ಸಂಕೇತವೂ ಹಿಂತಿರುಗಿ ಬಂದು ಗೊಂದಲ ಮಾಡುತ್ತದೆ. ಅದನ್ನು ಹೀರಿಕೊಳ್ಳಲು ಕ್ಯಾನ್ ತಂತಿಗಳ ಎರಡು ತುದಿಗಳಲ್ಲೂ 120 ಓಮ್‌ನ ಒಂದೊಂದು ರೋಧಕ ಇಟ್ಟಿರುತ್ತಾರೆ. ಎರಡೂ ಸಮಾಂತರ ಜೋಡಣೆಯಲ್ಲಿವೆ. ಒಟ್ಟು ರೋಧ ಎಷ್ಟು? ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ ತಟ್ಟನೆ ಹೇಳಬಲ್ಲ: 60 ಓಮ್.

ಈ ಉತ್ತರಕ್ಕೆ ಗ್ಯಾರೇಜಿನಲ್ಲಿ ಬೆಲೆಯಿದೆ. ಸ್ಟೀರಿಂಗಿನ ಕೆಳಗೆ 16 ಪಿನ್ನುಗಳ ಪರೀಕ್ಷಾ ಸಾಕೆಟ್ ಇರುತ್ತದೆ. ಬ್ಯಾಟರಿ ಕಳಚಿ, ಸಾಮಾನ್ಯವಾಗಿ ಕ್ಯಾನ್ ತಂತಿಗಳು ಬರುವ 6 ಮತ್ತು 14ನೇ ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. 60 ಬಂದರೆ ದಾರಿ ಸರಿಯಿದೆ. 120 ಬಂದರೆ ಒಂದು ತುದಿ ಕಳಚಿದೆ. ಬಹಳ ಕಾರುಗಳಲ್ಲಿ ಒಂದು ರೋಧಕ ಎಂಜಿನ್ ಗಣಕದೊಳಗೇ ಇರುವುದರಿಂದ, ಎಂಜಿನ್ ಬದಲಿಸಿದಾಗ ಹೀಗಾಗುವುದು ಸಹಜ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಎಲ್ಲೋ ಒಂದಕ್ಕೊಂದು ತಗುಲಿವೆ. ಮೂರು ದಿನ ಹುಡುಕಿದರೂ ಸಿಗದ ದೋಷದ ಸುಳಿವು ಮೂರು ನಿಮಿಷದಲ್ಲಿ ಸಿಗುತ್ತದೆ.

ಇನ್ನೊಂದು ಲೆಕ್ಕ. ಎಂಜಿನ್ನಿನಿಂದ ಕಾರಿನ ಒಡಲಿಗೆ ಹೋಗುವ ದಪ್ಪನೆಯ ಅರ್ಥ್ ಪಟ್ಟಿಯನ್ನು ತುಕ್ಕಿನ ಮೇಲೆಯೇ ಬಿಗಿದರು ಎನ್ನಿ. ಅಲ್ಲಿ ಉಳಿದ ರೋಧ ಕೇವಲ 0.02 ಓಮ್. ಸೆಲ್ಫ್ ಮೋಟಾರು ಸುಮಾರು 200 ಆಂಪಿಯರ್ ಎಳೆಯುತ್ತದೆ. ಓಮನ ನಿಯಮದಂತೆ ಅಲ್ಲೇ 4 ವೋಲ್ಟ್ ಸೋರಿಕೆ. 12ರಲ್ಲಿ ಉಳಿದದ್ದು 8. ಇಷ್ಟರಲ್ಲಿ ಗಣಕಗಳು ತತ್ತರಿಸುತ್ತವೆ. ಗಣಕ ಕೆಟ್ಟಿದೆಯೆಂದು ಸಾವಿರಾರು ರೂಪಾಯಿ ಕೊಟ್ಟು ಬದಲಿಸುವ ಮೊದಲು ಉಪ್ಪುಕಾಗದದಿಂದ ತುಕ್ಕು ಉಜ್ಜಿ ನೋಡುವುದು ಜಾಣತನ.

ಕಾನೂನು ಏನೆನ್ನುತ್ತದೆ?

ಮೋಟಾರು ವಾಹನಗಳ ಕಾಯಿದೆ, 1988ರ 52ನೇ ಕಲಮು ವಾಹನದ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ಮಾದರಿಯ, ಅದೇ ಇಂಧನದ ಎಂಜಿನ್ ಹಾಕಿಸುವುದಿದ್ದರೂ ಆರ್‌ಟಿಓ ಕಚೇರಿಯ ಅನುಮತಿ ಪಡೆದು ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ನಮೂದಿಸಬೇಕು. ಎಂಜಿನ್ ಕೊಂಡ ರಸೀದಿಯನ್ನು ಜೋಪಾನವಾಗಿಡಬೇಕು. ಸಂಖ್ಯೆ ತಾಳೆಯಾಗದ ಕಾರು ಅಪಘಾತಕ್ಕೀಡಾದರೆ ವಿಮೆಯ ಹಣಕ್ಕೆ ತೊಡಕಾಗಬಹುದು. ಹೊಗೆ ನಿಯಂತ್ರಣದ ಸೆನ್ಸರುಗಳನ್ನು ಕಿತ್ತು ಗಣಕಕ್ಕೆ ಸುಳ್ಳು ಸಂಕೇತ ಉಣಿಸುವ ಅಡ್ಡದಾರಿಯೂ ಸಲ್ಲದು. ಆ ಹೊಗೆ ಕುಡಿಯುವವರು ನಮ್ಮ ಮಕ್ಕಳೇ.

ನೆನಪಿಡಬೇಕಾದ್ದು

● ಎಂಜಿನ್ ಕೊಳ್ಳುವ ಮೊದಲು ಮಾದರಿ, ಅಶ್ವಶಕ್ತಿ, ಬಿಎಸ್ ಶ್ರೇಣಿ ತಾಳೆ ನೋಡಿ.
● ಹಳೆಯ ಎಂಜಿನ್ ಇಳಿಸುವ ಮೊದಲು ಪ್ರತಿ ಪ್ಲಗ್ಗಿಗೂ ಚೀಟಿ ಅಂಟಿಸಿ.
● ಬೆಸುಗೆ ಹಾಕುವಾಗ ಬ್ಯಾಟರಿ ಮತ್ತು ಗಣಕ ಎರಡನ್ನೂ ಕಳಚಿಡಿ.
● ಗಣಕದ ತಂತಿಗಳನ್ನು ಟೆಸ್ಟ್ ಲ್ಯಾಂಪಿನಿಂದ ಚುಚ್ಚಬೇಡಿ. ಬಲ್ಬು ಎಳೆಯುವ ವಿದ್ಯುತ್ತು ಅದನ್ನು ಸುಡಬಹುದು, ಮಲ್ಟಿಮೀಟರ್ ಬಳಸಿ.
● ಮೊದಲ ಓಟದಲ್ಲಿ ಫ್ಯಾನ್ ತಾನಾಗಿ ತಿರುಗುವವರೆಗೆ ಕಾದು ನೋಡಿ.

ಪಾಲಕರಿಗೊಂದು ಮಾತು

ಪರಶುರಾಂಪುರ ಇರುವ ಚಳ್ಳಕೆರೆ ತಾಲ್ಲೂಕಿನ ಡಿಆರ್‌ಡಿಓ ಪರೀಕ್ಷಾ ನೆಲೆಯಿಂದಲೇ 2016ರ ನವೆಂಬರ್‌ನಲ್ಲಿ ಪೈಲಟ್ ಇಲ್ಲದ 'ತಪಸ್' ವಿಮಾನ ಮೊದಲ ಬಾರಿಗೆ ಹಾರಿತು. ಅಲ್ಲೂ ಸೆನ್ಸರುಗಳು, ಗಣಕಗಳು, ಅವುಗಳ ನಡುವಿನ ಮಾತುಕತೆ. ವಿಮಾನವಿರಲಿ, ಬಾಡಿಗೆ ಕಾರಿರಲಿ, ಓಮನ ನಿಯಮ ಒಂದೇ.

'ಓದು ಹತ್ತದ ಹುಡುಗ ಗ್ಯಾರೇಜಿಗೆ ಹೋಗಲಿ' ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಸ್ಪಾನರ್ ಒಂದೇ ಸಾಕಾಗಿದ್ದ ಕಾಲಕ್ಕೆ ಅದು ಹೇಗೋ ಸಲ್ಲುತ್ತಿತ್ತು. ಈಗ ಗ್ಯಾರೇಜಿಗೆ ಬೇಕಾಗಿರುವವನು ಓದಿದ ಹುಡುಗ, ಓದಿದ ಹುಡುಗಿ. ಎಸ್ಸೆಸ್ಸೆಲ್ಸಿ ನಂತರ ಐಟಿಐನಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಇದೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಆಟೊಮೊಬೈಲ್ ಡಿಪ್ಲೊಮಾ ಇದೆ. ಇಂಥ ಕಾರು ಕೆಟ್ಟಾಗ ಅದನ್ನು ಲಾರಿ ಮೇಲೆ ಬೆಂಗಳೂರಿಗೆ ಸಾಗಿಸಬೇಕೋ, ಊರಲ್ಲೇ ಸರಿಪಡಿಸಬಹುದೋ ಎಂಬುದು ಊರಲ್ಲಿ ಯಾರು ಏನು ಕಲಿತಿದ್ದಾರೆ ಎಂಬುದರ ಮೇಲೆ ನಿಂತಿದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುವ ಸಮಾಂತರ ಜೋಡಣೆಯ ಲೆಕ್ಕವನ್ನು ಬಾಯಿಪಾಠ ಮಾಡದೆ ಅರ್ಥ ಮಾಡಿಕೊಂಡವರಿಗೆ ಆ ಕೆಲಸ ಕಾದಿದೆ.