ಬಂದ ಯೋಚನೆ ಹಾಗೇ ಹೋಗಲಿ ಬಿಡಿ

ಎರಡನೇ ವರ್ಷದ ದಸರಾ ರಜೆ. ತಿಪಟೂರಿನ ಹತ್ತಿರದ ನಮ್ಮೂರಿನ ಮನೆಯಲ್ಲಿ ಅಜ್ಜಿ ಈಳಿಗೆಮಣೆ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ನಾರು ಬಿಡಿಸಿಕೊಡುತ್ತಿದ್ದೆ. ಹೊರಗೆ ಯಾರೋ ಕೂಗಿದರು. ‘ಒಸಿ ಹೆಚ್ಚು ಮಗಾ, ಬಂದೆ’ ಅಂತ ಅಜ್ಜಿ ಎದ್ದಳು. ನಾನು ಮಣೆಯನ್ನು ನನ್ನ ಕಡೆ ಎಳೆದುಕೊಂಡೆ ಅಷ್ಟೇ. ತಲೆಯೊಳಗೆ ಒಂದು ಮಾತು ಮಿಂಚಿ ಹೋಯಿತು: ‘ಇದರಿಂದ ನಾನು ಅಜ್ಜಿಗೆ ಏನಾದರೂ ಮಾಡಿಬಿಟ್ಟರೆ?’

ಕೈ ತಣ್ಣಗಾಯಿತು. ನನ್ನನ್ನು ಎತ್ತಿ ಆಡಿಸಿದ ಅಜ್ಜಿ, ಹಾಸ್ಟೆಲ್‌ಗೆ ಹೊರಟಾಗಲೆಲ್ಲ ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೈಗಿಡುವ ಅಜ್ಜಿ. ಅವಳ ಬಗ್ಗೆ ಇಂಥ ಯೋಚನೆ ಬರಬೇಕಾದರೆ ನಾನು ಎಂಥವಳು? ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಈಳಿಗೆಮಣೆ, ಚಾಕು, ಕಾಯಿ ಸುಲಿಯುವ ಮಚ್ಚು ಎಲ್ಲವನ್ನೂ ಅಟ್ಟದ ಮೇಲಿಟ್ಟು ಬಂದೆ. ನಿದ್ದೆಯಲ್ಲಿ ಎದ್ದು ಹೋಗಿ ಏನಾದರೂ ಮಾಡಿದರೆ ಅಂತ ಭಯವಾಗಿ ನಾನು ಮಲಗಿದ ಕೋಣೆಯ ಬಾಗಿಲಿಗೆ ಚಿಲಕ ಹಾಕಿ, ಕುರ್ಚಿಯನ್ನೂ ಅಡ್ಡ ಇಟ್ಟೆ. ರಜೆ ಇನ್ನೂ ನಾಲ್ಕು ದಿನವಿತ್ತು. ಮರುದಿನವೇ ಲ್ಯಾಬ್ ಇದೆ ಅಂತ ಸುಳ್ಳು ಹೇಳಿ ಮೈಸೂರಿನ ಬಸ್ ಹತ್ತಿದೆ.

ದೂರ ಬಂದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ‘ನೀನು ನಿಜವಾಗಿಯೂ ಅಲ್ಲಿ ಏನೂ ಮಾಡಿಲ್ಲ ತಾನೆ?’ ಅಂತ ತಲೆ ಕೇಳುತ್ತಿತ್ತು. ಅಜ್ಜಿಗೆ ಫೋನ್ ಮಾಡುತ್ತಿದ್ದೆ. ಅವಳ ದನಿ ಕೇಳಿದರೆ ಹತ್ತು ನಿಮಿಷ ಸಮಾಧಾನ. ಆಮೇಲೆ ಮತ್ತೆ ಅದೇ. ಕ್ಲಾಸಿನಲ್ಲಿ ಕೂತು ಮನಸ್ಸಿನಲ್ಲೇ ದೇವರ ನಾಮ 108 ಸಲ ಹೇಳುತ್ತಿದ್ದೆ. ಮಧ್ಯೆ ಕೆಟ್ಟ ಯೋಚನೆ ನುಗ್ಗಿದರೆ ಲೆಕ್ಕ ಮತ್ತೆ ಒಂದರಿಂದ. ರಾತ್ರಿಯಿಡೀ ಮೊಬೈಲ್‌ನಲ್ಲಿ ‘ಕೊಲೆಗಾರರ ಲಕ್ಷಣಗಳು’ ಹುಡುಕುತ್ತಿದ್ದೆ. ಆ ಸೆಮಿಸ್ಟರ್‌ನಲ್ಲಿ ಎರಡು ಸಬ್ಜೆಕ್ಟ್ ಹೋದವು. ಸಂಕ್ರಾಂತಿಗೆ ಊರಿಗೆ ಹೋಗಲಿಲ್ಲ. ಫೋನಿನಲ್ಲಿ ‘ಯಾಕೋ ಭಯ ಆಗತ್ತಮ್ಮ’ ಅಂದಿದ್ದಕ್ಕೆ ಅಮ್ಮ ಹಾಸ್ಟೆಲ್‌ಗೇ ಬಂದು ದೃಷ್ಟಿ ತೆಗೆದು ಹೋದಳು. ಏನು ಭಯ ಅಂತ ಅವಳಿಗೆ ಹೇಗೆ ಹೇಳಲಿ?

ಹೇಳಿದ್ದು ರೂಮ್‌ಮೇಟ್‌ಗೆ ಮಾತ್ರ. ಗದಗಿನ ಹುಡುಗಿ. ‘ನಾನು ಕೆಟ್ಟವಳಾ? ನಾನು ಹಾಗೆಲ್ಲ ಮಾಡಲ್ಲ ಅಲ್ವಾ?’ ಅಂತ ದಿನವೂ ಅವಳ ಪ್ರಾಣ ತಿನ್ನುತ್ತಿದ್ದೆ. ಒಂದು ದಿನ ಅವಳು ಅಂದಳು: ‘ದಿನಾ ಇಪ್ಪತ್ತ ಸಲ ನೀ ಚಲೋ ಹುಡುಗಿ ಅಂತ ಹೇಳಾಕತ್ತೀನಿ. ಒಮ್ಮೆನೂ ನಿನಗ ಸಾಕಾಗಿಲ್ಲ. ಇದು ನನ್ನ ಕೈಲೆ ಆಗೂ ಮಾತಲ್ಲ, ಡಾಕ್ಟರ್ ಹತ್ರ ಹೋಗೂಣು ನಡಿ.’

ಮಾನಸಿಕ ವಿಭಾಗದ ಬಾಗಿಲಲ್ಲಿ ಕೂತಾಗ, ವಿಷಯ ಕೇಳಿದ ತಕ್ಷಣ ಪೊಲೀಸರನ್ನು ಕರೆಯುತ್ತಾರೆ ಅಂತಲೇ ನಂಬಿದ್ದೆ. ಡಾಕ್ಟರ್ ಮೇಡಂ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ಆ ಯೋಚನೆ ಬಂದಾಗ ನಿನಗೆ ಹಾಗೆ ಮಾಡಬೇಕು ಅಂತ ಆಸೆ ಆಗತ್ತಾ, ಭಯ ಆಗತ್ತಾ?’ ಭಯ ಅಂದೆ. ‘ಇದಕ್ಕೆ ಒಸಿಡಿ ಅಂತಾರೆ. ಗೀಳು ಕಾಯಿಲೆ’ ಅಂದರು.

ನನಗೆ ನಂಬಿಕೆಯೇ ಬರಲಿಲ್ಲ. ಒಸಿಡಿ ಅಂದರೆ ಪದೇ ಪದೇ ಕೈ ತೊಳೆಯುವುದಲ್ಲವೇ? ಪುಸ್ತಕ ನೀಟಾಗಿ ಜೋಡಿಸಿಟ್ಟವರೆಲ್ಲ ‘ನಂಗೆ ಸ್ವಲ್ಪ ಒಸಿಡಿ’ ಅಂತಾರಲ್ಲ, ಅದಲ್ಲವೇ? ಮೇಡಂ ವಿವರಿಸಿದರು. ಬೇಡವೆಂದರೂ ನುಗ್ಗುವ ಯೋಚನೆ ಒಂದು ಭಾಗ. ಅದರಿಂದಾದ ಆತಂಕ ತಣಿಸಲು ಮಾಡಲೇಬೇಕೆನಿಸುವ ಕೆಲಸ ಇನ್ನೊಂದು ಭಾಗ. ಕೆಲವರಿಗೆ ಆ ಯೋಚನೆ ಕೊಳೆಯದ್ದು, ಕೆಲವರಿಗೆ ದೇವರನ್ನು ಬೈಯುವಂಥದ್ದು, ಕೆಲವರಿಗೆ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ನನ್ನಂಥವರಿಗೆ ಯಾರಿಗಾದರೂ ನೋವು ಮಾಡಿಬಿಡುತ್ತೇನೇನೋ ಅನ್ನುವುದು. ಯಾವುದು ನಮಗೆ ತೀರಾ ಮುಖ್ಯವೋ ಈ ಕಾಯಿಲೆ ಹೆಚ್ಚಾಗಿ ಅದಕ್ಕೇ ಕೈ ಹಾಕುತ್ತದಂತೆ. ಚಿಲಕ, ಫೋನು, 108ರ ಲೆಕ್ಕ, ರೂಮ್‌ಮೇಟ್‌ಗೆ ಕೇಳುತ್ತಿದ್ದ ಪ್ರಶ್ನೆ ಎಲ್ಲವೂ ಕಾಯಿಲೆಯ ಎರಡನೇ ಭಾಗವೇ ಆಗಿತ್ತು.

ಇಂಥ ಯೋಚನೆ ಕಾಯಿಲೆ ಇಲ್ಲದವರಿಗೂ ಬರುತ್ತದೆ ಅಂತ ಗೊತ್ತಾಗಿದ್ದು ಆಗಲೇ. ರಾಕ್‌ಮನ್ ಮತ್ತು ಡಿ ಸಿಲ್ವಾ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲೇ ಇದನ್ನು ತೋರಿಸಿದ್ದಾರೆ. ಅವರು ಕೇಳಿದ ಸಾಮಾನ್ಯ ಜನರಲ್ಲಿ ಹೆಚ್ಚಿನವರಿಗೂ ಇಂಥವೇ ಯೋಚನೆಗಳು ಬರುತ್ತಿದ್ದವು. ಮಹಡಿ ಅಂಚಿನಲ್ಲಿ ನಿಂತಾಗ ‘ಹಾರಿಬಿಟ್ಟರೆ?’ ಅಂತ ಒಮ್ಮೆ ಅನ್ನಿಸಿ ಹೋಗುತ್ತದಲ್ಲ, ಹಾಗೆ. ಅವರು ‘ಥೂ, ಏನಿದು’ ಅಂತ ಮುಂದೆ ಹೋಗುತ್ತಾರೆ. ನಾನು ಅಲ್ಲೇ ನಿಂತು ವಿಚಾರಣೆ ಶುರು ಮಾಡುತ್ತಿದ್ದೆ.

ಹಾಗಾದರೆ ಯೋಚಿಸದೇ ಇದ್ದರಾಯಿತಲ್ಲ? ಅದೂ ಆಗದು. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬುವರು ಅಮೆರಿಕದ ವಿದ್ಯಾರ್ಥಿಗಳಿಗೆ, ‘ಐದು ನಿಮಿಷ ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ’ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ನೆನೆಯಬಹುದು’ ಅಂದಾಗ, ಮೊದಲು ತಡೆಹಿಡಿದವರಿಗೇ ಕರಡಿ ಇನ್ನೂ ಹೆಚ್ಚು ಬಂತು. ‘ಒಳ್ಳೆಯದನ್ನೇ ಯೋಚಿಸು’ ಎಂಬ ಸಲಹೆ ನನಗೆ ಯಾಕೆ ಕೆಲಸ ಮಾಡಲಿಲ್ಲ ಅಂತ ಅರ್ಥವಾಯಿತು.

ನಾನು ಓದುವುದು ಎಲೆಕ್ಟ್ರಾನಿಕ್ಸ್. ಕಾಲೇಜ್ ಫೆಸ್ಟ್‌ನಲ್ಲಿ ಮೈಕನ್ನು ಸ್ಪೀಕರ್ ಹತ್ತಿರ ಹಿಡಿದರೆ ‘ಕುಂಯ್’ ಅಂತ ಕಿರುಚುತ್ತದಲ್ಲ, ಅದು ಪಾಸಿಟಿವ್ ಫೀಡ್‌ಬ್ಯಾಕ್. ಸ್ಪೀಕರ್‌ನ ದನಿಯನ್ನೇ ಮೈಕ್ ಹಿಡಿದು ಮತ್ತೆ ಸ್ಪೀಕರ್‌ಗೆ ಕೊಡುತ್ತದೆ; ಸುತ್ತು ಸುತ್ತಿಗೂ ಜೋರಾಗುತ್ತದೆ. ನನ್ನ ತಲೆಯಲ್ಲಿ ಆಗುತ್ತಿದ್ದುದೂ ಅದೇ. ಒಂದೊಂದು ಸಲ ಪರೀಕ್ಷಿಸಿದಾಗಲೂ ‘ಓ, ಇದು ನಿಜವಾಗಿಯೂ ಅಪಾಯ’ ಅಂತ ಮಿದುಳಿಗೆ ನಾನೇ ಹೇಳಿಕೊಡುತ್ತಿದ್ದೆ. ಸುತ್ತು ಮುರಿಯಬೇಕಾದರೆ ಯೋಚನೆ ಬಂದರೂ ಪರೀಕ್ಷಿಸಬಾರದು.

ಚಿಕಿತ್ಸೆಯೂ ಇದೇ ದಾರಿಯದು. ಭಯಪಡುವ ಸನ್ನಿವೇಶವನ್ನು ಸ್ವಲ್ಪ ಸ್ವಲ್ಪವೇ ಎದುರಿಸಬೇಕು, ಆದರೆ ಸಮಾಧಾನಕ್ಕಾಗಿ ಮಾಡುವ ಕೆಲಸ ಮಾಡಬಾರದು. ಇದಕ್ಕೆ ಚಿಕ್ಕದಾಗಿ ಇಆರ್‌ಪಿ ಅಂತಾರೆ. ನನ್ನ ಮೆಟ್ಟಿಲುಗಳು ಹೀಗಿದ್ದವು: ಮೊದಲು ಚಾಕುವಿನ ಚಿತ್ರ ನೋಡುವುದು. ಆಮೇಲೆ ರೂಮಿನ ಟೇಬಲ್ ಮೇಲೆ ಹಣ್ಣಿನ ಚಾಕು ಇಟ್ಟುಕೊಂಡು ಓದುವುದು. ಆಮೇಲೆ ರೂಮ್‌ಮೇಟ್ ಪಕ್ಕದಲ್ಲಿ ಕೂತು ಸೇಬು ಹೆಚ್ಚುವುದು. ಪ್ರತಿ ಸಲ ಆತಂಕಕ್ಕೆ ನೂರಕ್ಕೆ ಎಷ್ಟು ಅಂತ ಅಂಕ ಕೊಡುವುದು. ಸೇಬಿನ ದಿನ 90 ಬರೆದಿದ್ದೆ. ಕೈ ನಡುಗುತ್ತಿತ್ತು. ಮುಕ್ಕಾಲು ಗಂಟೆ ಕೂತ ಮೇಲೆ 40ಕ್ಕೆ ಇಳಿದಿತ್ತು, ನಾನು ಏನೂ ಮಾಡದೆಯೇ. ಅಜ್ಜಿಗೆ ದಿನಕ್ಕೊಂದೇ ಫೋನ್, ಅದೂ ಮಳೆ ಬಂತಾ, ಊಟ ಏನು ಅಂತ ಮಾತಾಡಲು ಮಾತ್ರ. ‘ನಾನು ಕೆಟ್ಟವಳಾ?’ ಅಂತ ಕೇಳಿದರೆ ರೂಮ್‌ಮೇಟ್, ‘ಅದಕ್ಕ ಉತ್ತರ ಕೊಡೂದಿಲ್ಲ’ ಅಂತ ಪುಸ್ತಕಕ್ಕೆ ಮುಖ ಹಾಕಬೇಕು. ಮೊದಲ ವಾರ ಅವಳ ಮೇಲೆ ಎಷ್ಟು ಸಿಟ್ಟು ಬಂದಿತ್ತು!

ಜೊತೆಗೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ. ಒಸಿಡಿಯಲ್ಲಿ ಇದರ ಫಲ ಕಾಣಲು 8ರಿಂದ 12 ವಾರ ಬೇಕಾಗಬಹುದು, ಸುಧಾರಿಸಿತು ಅಂತ ನೀನಾಗಿ ನಿಲ್ಲಿಸಬೇಡ ಅಂತ ಮೇಡಂ ಮೊದಲೇ ಹೇಳಿದ್ದರು. ಯೋಚನೆ ಈಗಲೂ ಬರುತ್ತದೆ, ಪರೀಕ್ಷೆಯ ಹೊತ್ತಿನಲ್ಲಿ ಹೆಚ್ಚು. ‘ಹೌದಪ್ಪಾ, ಬಂದ್ಯಾ’ ಅಂದುಕೊಂಡು ಲೆಕ್ಕ ಮುಂದುವರಿಸಲು ಕಲಿತಿದ್ದೇನೆ. ಎಲ್ಲ ದಿನವೂ ಆಗುವುದಿಲ್ಲ. ಬ್ಯಾಕ್‌ಲಾಗ್‌ನಲ್ಲಿ ಒಂದು ಪಾಸಾಗಿದೆ, ಇನ್ನೊಂದು ಬಾಕಿ ಇದೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ‘ಅಯ್ಯೋ, ಇದು ನಂದೇ ಕಥೆ’ ಅನ್ನಿಸಿದರೆ ದಯವಿಟ್ಟು ನನ್ನ ಹಾಗೆ ತಿಂಗಳುಗಟ್ಟಲೆ ಕಾಯಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಬದುಕೇ ಬೇಡ ಅನ್ನಿಸುತ್ತಿದ್ದರಂತೂ ಇವತ್ತೇ ಯಾರಿಗಾದರೂ ಹೇಳಿ.

ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು. ಅಜ್ಜಿ ಅದೇ ಈಳಿಗೆಮಣೆ ಮೇಲೆ ಕೂತು ಸೊಪ್ಪು ಹೆಚ್ಚುತ್ತಿದ್ದಳು. ‘ಪ್ಯಾಟೆ ನೀರು ಕುಡಿದ್ಮೇಲೆ ಅಜ್ಜಿ ಬ್ಯಾಡ ಆದ್ಲೇನೋ ಅನ್ಕಂಡಿದ್ದೆ ಮಗಾ’ ಅಂದಳು, ತಲೆ ಎತ್ತದೆ. ಆ ಮಾತು ತಡೆಯಲಾಗಲಿಲ್ಲ. ತಪ್ಪೊಪ್ಪಿಗೆ ಅಂತಲ್ಲ, ಬಾರದಿದ್ದ ಕಾರಣ ಅವಳಿಗೆ ಗೊತ್ತಾಗಲಿ ಅಂತ ಎಲ್ಲ ಹೇಳಿದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ನಿಮ್ಮಪ್ಪ ಆಗ ಆರು ತಿಂಗ್ಳ ಕೂಸು. ಸೊಂಟದ ಮ್ಯಾಲೆ ಕೂರಿಸ್ಕಂಡು ಬಾವಿ ಹತ್ರ ನಿಂತಿದ್ದೆ. ಕೈ ಬಿಟ್ಟುಬಿಟ್ರೆ ಏನಾದೀತು ಅನ್ನಿಸ್ತು ನೋಡು. ಎದೆ ಝಲ್ ಅಂತು’ ಅಂದಳು.

‘ಆಮೇಲೆ?’

‘ಆಮೇಲೇನು, ಕೊಡ ತುಂಬಿಸ್ಕಂಡು ಮನೆಗೆ ಬಂದೆ. ಮುದ್ದೆ ತಿರುವೋದಿತ್ತು.’

ಹಾಗಂದವಳೇ ಎದ್ದು, ಈಳಿಗೆಮಣೆಯನ್ನು ನನ್ನ ಕಡೆ ತಳ್ಳಿದಳು. ‘ಸೊಪ್ಪು ಒಸಿ ಸಣ್ಣಕ್ಕೆ ಹೆಚ್ಚು. ಒಲೆ ನೋಡ್ಕಂಡು ಬತ್ತೀನಿ.’