ನಿಮಗಿದು ಗೊತ್ತೆ? ಯೆಜ್ಡಿಯ ‘ಟಕ್’ ಸದ್ದು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಹಿಂಚಕ್ರ ತಿರುಗಿಸುವುದು ಶಾಫ್ಟ್ ಅಲ್ಲ, ಚೈನ್. ಅದೂ ತಗಡಿನ ಕವರ್, ರಬ್ಬರ್ ಕೊಳವೆಗಳೊಳಗೆ ಪೂರ್ತಿ ಮುಚ್ಚಿದ್ದು. ಚಳ್ಳಕೆರೆ–ಮೊಳಕಾಲ್ಮುರು ಕಡೆಯ ದೂಳಿಗೆ ಹೇಳಿ ಮಾಡಿಸಿದ ಏರ್ಪಾಡು. ಆದರೆ ಹರಿದ ಕೊಳವೆ ಕಿತ್ತೆಸೆದು ಹಾಗೇ ಓಡಿಸಿದರೆ ದೂಳು ಒಳನುಗ್ಗಿ ಚೈನ್, ಸ್ಪ್ರಾಕೆಟ್ ಎರಡೂ ಬೇಗ ಸವೆಯುತ್ತವೆ.

ಗಾಡಿ ಹೊರಡುವಾಗ ಹಿಂದೆ ‘ಟಕ್’ ಎಂದು ಜಗ್ಗುತ್ತದೆಯೇ? ಎಂಜಿನ್ ಆರಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರಿನಲ್ಲಿಟ್ಟು ಹಿಂಚಕ್ರವನ್ನು ಹಿಂದೆ-ಮುಂದೆ ಅಲುಗಾಡಿಸಿ. ಚೈನಿನ ಬಿಗಿ ಸರಿಯಿದ್ದೂ ಆಟ ಜಾಸ್ತಿಯಿದ್ದರೆ ಹಬ್ ಮತ್ತು ಸ್ಪ್ರಾಕೆಟ್ ನಡುವಿನ ರಬ್ಬರ್ ತುಂಡುಗಳು ಸವೆದಿರಬಹುದು. ಹಿಂದೆ ರಿಪೇರಿ ಮಾಡಿದವರು ಹಾಕದೇ ಬಿಟ್ಟಿರಲೂಬಹುದು! ನೋಡುವುದು ಸುಲಭ: ಚೈನ್ ಬಿಚ್ಚದೆಯೇ ಹಿಂಚಕ್ರ ಕಳಚಬಹುದು.